ಮೊದಲು ಕೈಗೆ ವಾಲ್ವ್ ಕೊಡಿ, ಲಾಪ್ಲಾಸ್ ಆಮೇಲೆ

ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರೊಸೆಸ್ ಕಂಟ್ರೋಲ್, ಅಂದರೆ ಫ್ಯಾಕ್ಟರಿಯಲ್ಲಿ ತಾಪ, ಒತ್ತಡ, ಮಟ್ಟ ಬೇಕಾದಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದನ್ನು ಕಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಉಳಿದವುಗಳ ಬೇರು ಅಲ್ಲೇ ಇದೆ, ಅದಕ್ಕೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ಈ ಸೆಮಿಸ್ಟರ್ ಮೊದಲ ಸಲ ಪ್ರೊಸೆಸ್ ಕಂಟ್ರೋಲ್ ಪಾಠ ನನಗೆ ಬಂದಿದೆ. ಎರಡು ವಾರ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮಾಡಿದೆ. ಮೂರನೇ ವಾರಕ್ಕೆ ಅರ್ಧ ಕ್ಲಾಸು ತಲೆ ತಗ್ಗಿಸಿ ಕೂತಿತ್ತು. ಇದು ಇನ್ನೊಂದು ಗಣಿತದ ಪೇಪರ್ ಅಂತ ಅವರು ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾನು ಎಲ್ಲಿಂದ ಶುರು ಮಾಡಬೇಕಿತ್ತು ಸರ್?
— ಉಪನ್ಯಾಸಕಿ, ದಾವಣಗೆರೆ

ಉತ್ತರ: ಮೇಡಂ, ಫ್ಯಾಕ್ಟರಿ ಬಿಟ್ಟು ಪಾಠಕ್ಕೆ ಬಂದ ಹೊಸದರಲ್ಲಿ ನಾನೂ ಲಾಪ್ಲಾಸ್‌ನಿಂದಲೇ, ಅಂದರೆ ಡಿಫರೆನ್ಷಿಯಲ್ ಸಮೀಕರಣವನ್ನು ಬೀಜಗಣಿತವಾಗಿಸುವ ಆ ಗಣಿತದಿಂದಲೇ, ಶುರು ಮಾಡುತ್ತಿದ್ದೆ. ಮಕ್ಕಳು ಪಾಸಾಗುತ್ತಿದ್ದರು. ಆದರೆ ಒಂದು ಟ್ಯಾಂಕ್ ತೋರಿಸಿ "ಈ ವಾಲ್ವ್ ಸ್ವಲ್ಪ ತೆರೆದರೆ ಏನಾಗುತ್ತೆ, ಎಷ್ಟು ಹೊತ್ತಿಗೆ ಆಗುತ್ತೆ" ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಿದ್ದರು.

ಅವರ ಕಷ್ಟ ಇರುವುದು ಲಾಪ್ಲಾಸ್‌ನಲ್ಲಿ ಅಲ್ಲ ಅಂತ ನನಗೆ ನಿಧಾನಕ್ಕೆ ಅರ್ಥವಾಯಿತು. ಯೋಚಿಸಿ ನೋಡಿ, ಅಲ್ಲಿಯವರೆಗೆ ನಾವು ಅವರಿಗೆ ಕಲಿಸಿದ್ದು ಹೆಚ್ಚುಕಡಿಮೆ ಎಲ್ಲ ಸ್ಟೆಡಿ ಸ್ಟೇಟ್. ಒಳಗೆ ಬಂದಷ್ಟು ಹೊರಗೆ ಹೋಗುತ್ತದೆ. ಹೀಟ್ ಎಕ್ಸ್‌ಚೇಂಜರ್ ಲೆಕ್ಕದಲ್ಲಿ ತಾಪ ಬದಲಾಗುವುದಿಲ್ಲ. ಡಿಸ್ಟಿಲೇಶನ್ ಕಾಲಮ್‌ನ ಟ್ರೇ ಎಣಿಸುವಾಗ ಕಾಲಮ್ ಫೋಟೋದ ಹಾಗೆ ನಿಂತಿರುತ್ತದೆ. ಈ ಪೇಪರ್‌ನಲ್ಲಿ ಆ ಫೋಟೋ ಅಲುಗಾಡಲು ಶುರುವಾಗುತ್ತದೆ. ಸಮಯ ಅನ್ನುವುದು ಲೆಕ್ಕದೊಳಗೆ ಬರುತ್ತದೆ. ಅದು ಅವರಿಗೆ ನಿಜವಾಗಿಯೂ ಹೊಸದು. ಆ ಹೊಸದನ್ನು ಕೈಗೆ, ಕಣ್ಣಿಗೆ ಪರಿಚಯ ಮಾಡಿಸದೆ ನೇರವಾಗಿ ಸಮೀಕರಣ ಕೊಟ್ಟರೆ ಅವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಅದಕ್ಕೇ ನಾನು ಈಗ ಮೊದಲ ಕ್ಲಾಸನ್ನು ನಲ್ಲಿ ಹತ್ತಿರ ಮಾಡುತ್ತೇನೆ. ಒಂದು ಪ್ಲಾಸ್ಟಿಕ್ ಡ್ರಮ್, ತಳದಲ್ಲಿ ಒಂದು ತೂತು, ಮೇಲೆ ನಲ್ಲಿ, ಡ್ರಮ್ಮಿನ ಒಳಗೆ ಬಣ್ಣದಲ್ಲಿ ಒಂದು ಗೆರೆ. ನೀರು ಆ ಗೆರೆಯಲ್ಲೇ ನಿಲ್ಲಬೇಕು. ಒಬ್ಬರು ಡ್ರಮ್ ನೋಡುತ್ತ ನಲ್ಲಿ ತಿರುಗಿಸುತ್ತಾರೆ. ಸುಲಭ, ಎರಡು ನಿಮಿಷದಲ್ಲಿ ಮಾಡಿಬಿಡುತ್ತಾರೆ. ಆಮೇಲೆ ಆಟ ಬದಲಾಗುತ್ತದೆ. ನಲ್ಲಿ ಹಿಡಿದವರು ಡ್ರಮ್ಮಿಗೆ ಬೆನ್ನು ಹಾಕಿ ನಿಲ್ಲಬೇಕು. ಇನ್ನೊಬ್ಬರು ನೀರಿನ ಮಟ್ಟ ನೋಡಿ ಚೀಟಿಯಲ್ಲಿ ಬರೆಯುತ್ತಾರೆ. ಮೂರನೆಯವರು ಆ ಚೀಟಿಯನ್ನು ಗಡಿಯಾರ ನೋಡಿಕೊಂಡು 20 ಸೆಕೆಂಡ್ ಇಟ್ಟುಕೊಂಡು, ಆಮೇಲೆ ನಲ್ಲಿ ಹಿಡಿದವರಿಗೆ ಕೊಡುತ್ತಾರೆ. ಅಷ್ಟೇ ಬದಲಾವಣೆ. ಸ್ವಲ್ಪ ಹೊತ್ತಿಗೇ ನೀರು ಗೆರೆಯ ಮೇಲೆ, ಕೆಳಗೆ, ಮೇಲೆ, ಕೆಳಗೆ ತೂಗಾಡಲು ಶುರುವಾಗುತ್ತದೆ. ನಲ್ಲಿ ಹಿಡಿದವರಿಗೆ ಅವಸರ. "ಇನ್ನೂ ಏರಲಿಲ್ಲವಲ್ಲ" ಅಂತ ಇನ್ನೊಂದು ಸುತ್ತು ತಿರುಗಿಸುತ್ತಾರೆ. ಅವರ ಮೊದಲ ಸುತ್ತಿನ ಫಲ ಆಗಲೇ ಡ್ರಮ್ಮಿನಲ್ಲಿ ಇದೆ, ಸುದ್ದಿ ಮಾತ್ರ ಇನ್ನೂ ಚೀಟಿ ಹಿಡಿದವರ ಕೈಯಲ್ಲಿದೆ! ಹತ್ತು ನಿಮಿಷ ಹೀಗೆ ಒದ್ದಾಡಿದ ಮೇಲೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಸರ್, ಸ್ವಲ್ಪ ಸ್ವಲ್ಪವೇ ತಿರುಗಿಸಿ ಕಾಯಬೇಕು." ಡೆಡ್ ಟೈಮ್ (ಸುದ್ದಿ ತಲುಪುವ ತಡ) ಇದ್ದಾಗ ಕಂಟ್ರೋಲರ್ ಗೇನ್ (ತಪ್ಪಿಗೆ ಎಷ್ಟು ಜೋರಾಗಿ ತಿರುಗಿಸುತ್ತೇವೆ ಅನ್ನುವುದು) ಕಡಿಮೆ ಇರಬೇಕು ಅನ್ನುವುದನ್ನು ಅವರು ಅಲ್ಲೇ ಕಂಡುಕೊಂಡರು, ಹೆಸರು ಮಾತ್ರ ಗೊತ್ತಿಲ್ಲ. ಹೆಸರು ನೀವು ಮರುದಿನ ಬೋರ್ಡಿನ ಮೇಲೆ ಬರೆದರೆ ಸಾಕು.

ಮಂಡ್ಯ ಕಡೆಯ ಮಕ್ಕಳು ಕ್ಲಾಸಿನಲ್ಲಿದ್ದರೆ ಆಲೆಮನೆ ಮಾತು ತೆಗೆಯಿರಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಲೆಗೆ ಒಣಗಿದ ಸಿಪ್ಪೆ ಹಾಕುವವರು ಒಬ್ಬರು, ಪಾಕ ನೋಡುವವರು ಇನ್ನೊಬ್ಬರು. ಬೆಲ್ಲದ ಪಾಕ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆದರೆ ಪಾಕ ಪೂರ್ತಿ ಬಂದ ಮೇಲೆ ಬೆಂಕಿ ನಿಲ್ಲಿಸಿದರೆ ಬೆಲ್ಲ ಕಪ್ಪಾಗುತ್ತದೆ, ಯಾಕೆಂದರೆ ಒಲೆಯಲ್ಲಿ ಕೆಂಡ ಇರುತ್ತದೆ, ಕೊಪ್ಪರಿಗೆಯೂ ಕಾದಿರುತ್ತದೆ. ಅನುಭವಸ್ಥರು ಗುಳ್ಳೆ ನೋಡಿ, ಪಾಕ ಎಷ್ಟು ಬೇಗ ಗಟ್ಟಿಯಾಗುತ್ತಿದೆ ಅನ್ನುವುದನ್ನು ನೋಡಿ, ಮೊದಲೇ ಸಿಪ್ಪೆ ಹಾಕುವುದನ್ನು ನಿಲ್ಲಿಸುತ್ತಾರೆ. ಈಗ ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ವೇಗವಾಗಿ ಬದಲಾಗುತ್ತಿದೆ ಅಂತಲೂ ನೋಡುವುದು, ಅದೇ ಡೆರಿವೇಟಿವ್.

ಇದು ಮಕ್ಕಳಿಗಾಗಿ ಮಾಡಿಕೊಂಡ ಸುಲಭದ ದಾರಿ ಅಂತ ತಿಳಿಯಬೇಡಿ. ಪಿಐಡಿ ಅನ್ನುವ ಕಂಟ್ರೋಲ್ ನಿಯಮ ಹುಟ್ಟಿದ್ದೇ ಹೀಗೆ. ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಹಡಗನ್ನು ತಾನಾಗಿ ನಡೆಸುವ ಬಗ್ಗೆ ಬರೆದಾಗ, ಚುಕ್ಕಾಣಿ ಹಿಡಿದ ನಾವಿಕ ಏನು ಮಾಡುತ್ತಾನೆ ಅನ್ನುವುದರಿಂದಲೇ ಹೊರಟಿದ್ದ. ಒಳ್ಳೆಯ ನಾವಿಕ ಈಗಿನ ತಪ್ಪನ್ನಷ್ಟೇ ನೋಡುವುದಿಲ್ಲ. ಇದುವರೆಗೆ ಎಷ್ಟು ಹೊತ್ತು ದಾರಿ ತಪ್ಪಿತ್ತು, ಈಗ ಯಾವ ವೇಗದಲ್ಲಿ ತಿರುಗುತ್ತಿದೆ ಅನ್ನುವುದೂ ಅವನ ಲೆಕ್ಕದಲ್ಲಿರುತ್ತದೆ. ಮೂರೂ ಸೇರಿದರೆ ಪಿ (ಪ್ರೊಪೋರ್ಷನಲ್), ಐ (ಇಂಟೆಗ್ರಲ್), ಡಿ (ಡೆರಿವೇಟಿವ್).

ಇಷ್ಟಾದ ಮೇಲೆ ಒಂದೇ ಒಂದು ಲೆಕ್ಕ ಹಾಕಿಸಿ. ನನಗೆ ತುಂಬ ಇಷ್ಟವಾದ ಲೆಕ್ಕ ಇದು. 100 ಲೀಟರ್ ನೀರಿರುವ ಟ್ಯಾಂಕ್, ಚೆನ್ನಾಗಿ ಕಲಕುತ್ತಿದೆ. ನಿಮಿಷಕ್ಕೆ 10 ಲೀಟರ್ ತಣ್ಣೀರು ಒಳಗೆ, ಅಷ್ಟೇ ನೀರು ಹೊರಗೆ. ಹಾಗಾದರೆ ಟೈಮ್ ಕಾನ್‌ಸ್ಟಂಟ್, ಅಂದರೆ ಬದಲಾವಣೆ ಶೇಕಡಾ 63ರಷ್ಟು ಮುಗಿಯಲು ಹಿಡಿಯುವ ಹೊತ್ತು, 10 ನಿಮಿಷ. 35 ಕಿಲೋವ್ಯಾಟ್ ಹೀಟರನ್ನು ಪೂರ್ತಿ ಹಾಕಿದರೆ ನೀರು ಸುಮಾರು 50 ಡಿಗ್ರಿ ಜಾಸ್ತಿ ಬಿಸಿಯಾಗುತ್ತದೆ, ಅಂದರೆ ಹೀಟರಿನ ಶೇಕಡಾ 1ಕ್ಕೆ ಅರ್ಧ ಡಿಗ್ರಿ, ಅದು ಪ್ರೊಸೆಸ್ ಗೇನ್. ಈಗ ಟೆಂಪರೇಚರ್ ಸೆನ್ಸರ್ ಟ್ಯಾಂಕಿನಲ್ಲಿ ಇಲ್ಲ, ಹೊರಹೋಗುವ 25 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ 20 ಮೀಟರ್ ದೂರದಲ್ಲಿದೆ. ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 0.34 ಮೀಟರ್. 20 ಮೀಟರ್ ದಾಟಲು ಹೆಚ್ಚುಕಡಿಮೆ 1 ನಿಮಿಷ, ಅದು ಡೆಡ್ ಟೈಮ್. ನಾರ್ವೆಯ ಸಿಗುರ್ಡ್ ಸ್ಕೊಗೆಸ್ಟಾಡ್ 2003ರಲ್ಲಿ ಪ್ರಕಟಿಸಿದ ಸರಳ ನಿಯಮ ಬಳಸಿ: ಟೈಮ್ ಕಾನ್‌ಸ್ಟಂಟನ್ನು ಪ್ರೊಸೆಸ್ ಗೇನ್‌ನಿಂದ ಭಾಗಿಸಿ, ಬಂದದ್ದನ್ನು ಡೆಡ್ ಟೈಮಿನ ಎರಡರಷ್ಟರಿಂದ ಭಾಗಿಸಿ. ಕಂಟ್ರೋಲರ್ ಗೇನ್ 10 ಬರುತ್ತದೆ. ಒಂದು ಡಿಗ್ರಿ ತಪ್ಪಿಗೆ ಹೀಟರನ್ನು ಶೇಕಡಾ 10 ಬದಲಾಯಿಸಬಹುದು. ಈಗ ಅದೇ ಸೆನ್ಸರನ್ನು 100 ಮೀಟರ್ ದೂರಕ್ಕೆ ಒಯ್ಯಿರಿ. ಡೆಡ್ ಟೈಮ್ 5 ನಿಮಿಷವಾಗುತ್ತದೆ, ಗೇನ್ 2ಕ್ಕೆ ಇಳಿಯುತ್ತದೆ.

ಟ್ಯಾಂಕ್ ಅದೇ, ಹೀಟರ್ ಅದೇ, ನೀರೂ ಅದೇ. ಸೆನ್ಸರ್ ಇಟ್ಟ ಜಾಗ ಬದಲಾಯಿತು, ಅಷ್ಟಕ್ಕೇ ಕಂಟ್ರೋಲರಿನ ಶಕ್ತಿ ಐದನೇ ಒಂದು ಭಾಗಕ್ಕೆ ಇಳಿಯಿತು. ಕಂಟ್ರೋಲ್ ಅನ್ನುವುದು ಪ್ಯಾನೆಲ್ ಮುಂದೆ ಕೂತು ಮಾಡುವ ಕೆಲಸ ಮಾತ್ರ ಅಲ್ಲ, ಪೈಪ್ ಎಳೆಯುವಾಗಲೇ ಅರ್ಧ ತೀರ್ಮಾನವಾಗಿಬಿಡುತ್ತದೆ ಅಂತ ಮಕ್ಕಳಿಗೆ ಆಗ ಗೊತ್ತಾಗುತ್ತದೆ. ಎಲೆಕ್ಟ್ರಿಕಲ್‌ನವರು ಕಲಿಯುವ ಕಂಟ್ರೋಲ್‌ಗೂ ನಮ್ಮದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ಎಲ್ಲವೂ ನಿಧಾನ, ಎಲ್ಲದಕ್ಕೂ ಪೈಪಿನ ದೂರವಿದೆ.

ಪ್ರಶ್ನೆ: ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದರೆ ಗ್ರಾಫ್ ಬಂದುಬಿಡುತ್ತದೆ. ಹಾಗಿರುವಾಗ ಲಾಪ್ಲಾಸ್ ಯಾಕೆ ಓದಬೇಕು ಸರ್?
— ಆರನೇ ಸೆಮಿಸ್ಟರ್ ವಿದ್ಯಾರ್ಥಿ, ತುಮಕೂರು

ಉತ್ತರ: ಓದಬೇಕು. ಆದರೆ ಪಾರ್ಷಿಯಲ್ ಫ್ರಾಕ್ಷನ್ ಮಾಡಿ ಇನ್ವರ್ಸ್ ತೆಗೆಯುವುದಕ್ಕೆ ಅಲ್ಲ. ನನ್ನ ಕ್ಲಾಸಿನಲ್ಲಿ ಅಂಥ ಲೆಕ್ಕ ಎರಡೇ ಮಾಡಿಸುತ್ತೇನೆ, ಉಳಿದದ್ದಕ್ಕೆ ಕಂಪ್ಯೂಟರ್ ಇದೆ.

ಒಂದು ಟ್ಯಾಂಕಿನ ನಂತರ ಇನ್ನೊಂದು ಟ್ಯಾಂಕ್ ಇದ್ದರೆ, ಮೊದಲನೆಯದರ ಮೇಲೆ ಎರಡನೆಯದರ ಪ್ರಭಾವ ಇಲ್ಲದಿದ್ದಾಗ, ಎರಡರ ಟ್ರಾನ್ಸ್‌ಫರ್ ಫಂಕ್ಷನ್ (ಒಳಗೆ ಕೊಟ್ಟದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಲಾಪ್ಲಾಸ್ ಅನುಪಾತ) ಗುಣಿಸಿದರೆ ಮುಗಿಯಿತು. ಡಿಫರೆನ್ಷಿಯಲ್ ಸಮೀಕರಣ ಬಿಡಿಸುವ ಕೆಲಸ ಬೀಜಗಣಿತವಾಗಿಬಿಡುತ್ತದೆ. ಇನ್ನೂ ದೊಡ್ಡ ಲಾಭ ಅಂದರೆ, ಬಿಡಿಸದೆಯೇ ಸ್ವಭಾವ ಹೇಳಬಹುದು. ಪೋಲ್‌ಗಳು, ಅಂದರೆ ಆ ಫಂಕ್ಷನ್ನಿನ ಛೇದ ಸೊನ್ನೆಯಾಗುವ ಜಾಗಗಳು, ಎಲ್ಲಿವೆ ಅಂತ ನೋಡಿದರೆ ತೂಗಾಟ ನಿಲ್ಲುತ್ತದೋ ಬೆಳೆಯುತ್ತದೋ ಗೊತ್ತಾಗುತ್ತದೆ.

ಝೀರೋ, ಅಂದರೆ ಅಂಶ ಸೊನ್ನೆಯಾಗುವ ಜಾಗ, ಅದರ ಬಗ್ಗೆ ಒಂದು ಉದಾಹರಣೆ ಹೇಳುತ್ತೇನೆ, ನೆನಪಿಡಿ. ಬಾಯ್ಲರ್ ಡ್ರಮ್ಮಿನಿಂದ ಇದ್ದಕ್ಕಿದ್ದಂತೆ ಜಾಸ್ತಿ ಸ್ಟೀಮ್ ಎಳೆದರು ಅಂದುಕೊಳ್ಳಿ. ಡ್ರಮ್ಮಿನಿಂದ ನೀರು ಖಾಲಿಯಾಗುತ್ತಿದೆ, ಲೆವೆಲ್ ಇಳಿಯಬೇಕು ಅಲ್ವಾ? ಆದರೆ ಮೊದಲು ಲೆವೆಲ್ ಏರುತ್ತದೆ! ಒತ್ತಡ ಇಳಿದಾಗ ನೀರಿನೊಳಗಿನ ಗುಳ್ಳೆಗಳು ಹಿಗ್ಗುತ್ತವೆ, ಅದಕ್ಕೆ. ಸ್ವಲ್ಪ ಹೊತ್ತಾದ ಮೇಲೆ ನಿಜವಾದ ಇಳಿತ ಶುರುವಾಗುತ್ತದೆ. ಲೆವೆಲ್ ಒಂದನ್ನೇ ನೋಡಿ ನಡೆಯುವ ಕಂಟ್ರೋಲರ್ ಆ ಮೊದಲ ಏರಿಕೆ ನಂಬಿ ನೀರು ಕಡಿಮೆ ಮಾಡುತ್ತದೆ, ಅದೂ ಬೇಕಾದಾಗಲೇ. ಹೀಗೆ ಮೊದಲು ಉಲ್ಟಾ ಹೋಗಿ ಆಮೇಲೆ ಸರಿದಾರಿಗೆ ಬರುವ ಸ್ವಭಾವ ಟ್ರಾನ್ಸ್‌ಫರ್ ಫಂಕ್ಷನ್‌ನಲ್ಲಿ ಬಲಭಾಗದ ಒಂದು ಝೀರೋ ಆಗಿ ಕಾಣುತ್ತದೆ. ನೀವು ಬರೆದ ನಾಲ್ಕು ಸಾಲಿನ ಗ್ರಾಫ್ ಕೂಡ ಅದನ್ನು ತೋರಿಸುತ್ತದೆ. ಆದರೆ ಯಾಕೆ ಅಂತ ಹೇಳುವುದಿಲ್ಲ, ಎಷ್ಟೇ ಟ್ಯೂನ್ ಮಾಡಿದರೂ ಅದು ಹೋಗುವುದಿಲ್ಲ ಅಂತಲೂ ಹೇಳುವುದಿಲ್ಲ. ಅದಕ್ಕೇ ಬಾಯ್ಲರಿನಲ್ಲಿ ಲೆವೆಲ್ ಜೊತೆಗೆ ಸ್ಟೀಮ್ ಎಷ್ಟು ಹೋಗುತ್ತಿದೆ, ನೀರು ಎಷ್ಟು ಬರುತ್ತಿದೆ ಅಂತಲೂ ಅಳೆದು ಮೂರನ್ನೂ ಸೇರಿಸಿ ಕಂಟ್ರೋಲ್ ಮಾಡುತ್ತಾರೆ.

ಪ್ರಶ್ನೆ: ನಮ್ಮ ಲ್ಯಾಬ್‌ನಲ್ಲಿ ಲೆವೆಲ್ ಕಂಟ್ರೋಲ್ ಸೆಟಪ್ ಒಂದೇ ಇದೆ, ವಿದ್ಯಾರ್ಥಿಗಳು 60. ಅದೂ ಕೆಟ್ಟು ಕೂತಿದೆ. ಹೊಸದಕ್ಕೆ ದುಡ್ಡಿಲ್ಲ. ಮಕ್ಕಳು ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆಯುತ್ತಾರೆ. ಏನು ಮಾಡಲಿ?
— ಸಹಾಯಕ ಪ್ರಾಧ್ಯಾಪಕ, ಕಲಬುರಗಿ

ಉತ್ತರ: ಕೆಟ್ಟ ಸೆಟಪ್ಪನ್ನು ಗುಜರಿಗೆ ಹಾಕಬೇಡಿ. ಕಂಟ್ರೋಲ್ ವಾಲ್ವ್ ಬಿಚ್ಚಿ ಟೇಬಲ್ ಮೇಲೆ ಇಡಿ. ಡಯಾಫ್ರಾಮ್, ಸ್ಪ್ರಿಂಗ್, ಸ್ಟೆಮ್, ಪ್ಲಗ್ ಎಲ್ಲವನ್ನೂ ಮಕ್ಕಳು ಮುಟ್ಟಲಿ. ವಾಲ್ವ್ ನಡೆಸುವ ಗಾಳಿ ಎಲ್ಲಿ ಬರುತ್ತದೆ, ಸ್ಪ್ರಿಂಗ್ ಯಾವ ಕಡೆ ತಳ್ಳುತ್ತದೆ, ಗಾಳಿ ನಿಂತರೆ ಪ್ಲಗ್ ಎಲ್ಲಿಗೆ ಹೋಗುತ್ತದೆ, ಇಷ್ಟು ಬಾಯಲ್ಲಿ ಹೇಳಿಸಿ. ನಡೆಯುವ ಸೆಟಪ್‌ಗಿಂತ ಬಿಚ್ಚಿಟ್ಟ ವಾಲ್ವಿನಿಂದ ಜಾಸ್ತಿ ಕಲಿತವರನ್ನು ನಾನು ನೋಡಿದ್ದೇನೆ.

ಪ್ರಯೋಗಕ್ಕೆ ಸಣ್ಣ ಹೀಟರ್ ಬೋರ್ಡ್‌ಗಳು ಸಾಕು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಟಿಸಿಲ್ಯಾಬ್ ಅನ್ನುವ ಬೋರ್ಡ್ ಅಂಗೈಯಷ್ಟಿದೆ. ಆರ್ಡುಯಿನೋ ಮೇಲೆ ಎರಡು ಹೀಟರ್, ಎರಡು ಟೆಂಪರೇಚರ್ ಸೆನ್ಸರ್. ಒಂದು ಹೀಟರ್ ಹಾಕಿದರೆ ಪಕ್ಕದ್ದೂ ಬಿಸಿಯಾಗುತ್ತದೆ, ಆದ್ದರಿಂದ ಒಂದು ಲೂಪ್ (ಅಳೆದು, ಹೋಲಿಸಿ, ತಿದ್ದುವ ಸುತ್ತು) ಇನ್ನೊಂದನ್ನು ಕೆಡಿಸುವುದನ್ನೂ ತೋರಿಸಬಹುದು. ನಮ್ಮಲ್ಲೇ ಐಐಟಿ ಬಾಂಬೆಯವರು ಹೀಟರ್, ಫ್ಯಾನ್, ಸೆನ್ಸರ್ ಇರುವ ಸಿಂಗಲ್ ಬೋರ್ಡ್ ಹೀಟರ್ ಸಿಸ್ಟಮ್ ಮಾಡಿ, ಉಚಿತ ಸಾಫ್ಟ್‌ವೇರ್ ಸೈಲ್ಯಾಬ್ ಜೊತೆ ಇಂಟರ್‌ನೆಟ್ ಮೂಲಕ ದೂರದಿಂದಲೂ ನಡೆಸುವ ಹಾಗೆ ಮಾಡಿದರು. ಎಲೆಕ್ಟ್ರಾನಿಕ್ಸ್ ವಿಭಾಗದವರ ಸ್ನೇಹ ಮಾಡಿಕೊಂಡರೆ ಇಂಥ ಬೋರ್ಡನ್ನು ಕಾಲೇಜಿನಲ್ಲೇ ಕಟ್ಟಬಹುದು.

ರೆಕಾರ್ಡ್ ಕಾಪಿ ಮಾಡುವ ಸಮಸ್ಯೆಯೂ ಇದರಿಂದ ಬಹುಪಾಲು ಹೋಗುತ್ತದೆ. ಎರಡು ಬೋರ್ಡ್ ಒಂದೇ ಥರ ಇರುವುದಿಲ್ಲ. ಫ್ಯಾನಿನ ಕೆಳಗೆ ಇಟ್ಟದ್ದು ಒಂದು ಥರ, ಮೂಲೆಯಲ್ಲಿಟ್ಟದ್ದು ಇನ್ನೊಂದು ಥರ. ಪ್ರತಿ ತಂಡಕ್ಕೂ ಅದರದೇ ಸ್ಟೆಪ್ ಟೆಸ್ಟ್ (ಹೀಟರನ್ನು ಒಮ್ಮೆಲೇ ಏರಿಸಿ ಏನಾಗುತ್ತದೆ ಅಂತ ನೋಡುವುದು), ಅದರದೇ ಟೈಮ್ ಕಾನ್‌ಸ್ಟಂಟ್. ಗ್ರಾಫನ್ನು ಮೊದಲು ಗ್ರಾಫ್ ಶೀಟಿನ ಮೇಲೆ ಕೈಯಲ್ಲಿ ಎಳೆಸಿ, ಶೇಕಡಾ 63ಕ್ಕೆ ಬರುವ ಜಾಗವನ್ನು ಸ್ಕೇಲ್ ಇಟ್ಟು ಗುರುತಿಸಲಿ. ಬಿಂದುಗಳು ಗೆರೆ ಮೇಲೆ ನೀಟಾಗಿ ಕೂರದೆ ಅಕ್ಕಪಕ್ಕ ಚದುರುತ್ತವೆ. ಅದನ್ನು ಒರೆಸಿ ಸರಿ ಮಾಡಲು ಬಿಡಬೇಡಿ, ಫ್ಯಾಕ್ಟರಿಯಲ್ಲಿ ಸಿಗ್ನಲ್ ಬರುವುದೇ ಹಾಗೆ.

ಪ್ರಶ್ನೆ: ಝೀಗ್ಲರ್–ನಿಕೋಲ್ಸ್ ಕೋಷ್ಟಕ ಬಾಯಿಪಾಠ ಮಾಡಿದ್ದೇವೆ. ಫ್ಯಾಕ್ಟರಿಯಲ್ಲಿ ನಿಜವಾಗಿ ಬಳಸುತ್ತಾರಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಇದ್ದ ಹಾಗೇ ಬಳಸುವುದು ಕಡಿಮೆ. 1942ರಲ್ಲಿ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೋಲ್ಸ್ ಕಂಟ್ರೋಲರ್ ಟ್ಯೂನ್ ಮಾಡುವ ಆ ಸಂಖ್ಯೆಗಳನ್ನು ಕೊಟ್ಟರು. ಪ್ರತಿ ತೂಗಾಟ ಹಿಂದಿನದರ ಕಾಲು ಭಾಗಕ್ಕೆ ಇಳಿದರೆ ಸಾಕು ಅನ್ನುವುದು ಅವರ ಗುರಿ. ಇವತ್ತಿನ ಎಷ್ಟೋ ಕಾಲಮ್, ರಿಯಾಕ್ಟರ್‌ಗಳಿಗೆ ಅಷ್ಟು ತೂಗಾಟವೂ ಜಾಸ್ತಿ. ಇನ್ನೊಂದು ಕಷ್ಟ ಅಂದರೆ, ಅಲ್ಟಿಮೇಟ್ ಗೇನ್ ಕಂಡುಹಿಡಿಯಲು ಲೂಪನ್ನು ನಿಲ್ಲದೆ ತೂಗಾಡುವವರೆಗೆ ತಳ್ಳಬೇಕು. ಯಾವ ಶಿಫ್ಟ್ ಇನ್‌ಚಾರ್ಜ್ ಒಪ್ಪುತ್ತಾರೆ ಹೇಳಿ? ಸ್ವೀಡನ್ನಿನ ಓಸ್ಟ್ರಮ್ ಮತ್ತು ಹ್ಯಾಗ್ಲುಂಡ್ 1984ರಲ್ಲಿ ತೋರಿಸಿದ ರಿಲೇ ವಿಧಾನದಲ್ಲಿ (ಕಂಟ್ರೋಲರ್ ಬದಲು ಆನ್-ಆಫ್ ಸ್ವಿಚ್ ಇಡುವುದು) ತೂಗಾಟವನ್ನು ಸಣ್ಣ ಮಿತಿಯೊಳಗೆ ಇಟ್ಟುಕೊಂಡೇ ಅದೇ ಮಾಹಿತಿ ಪಡೆಯಬಹುದು. ಕೋಷ್ಟಕ ಕಲಿಯಿರಿ, ಅದರಿಂದ ಶುರು ಮಾಡಿ, ಆಮೇಲೆ ಗೇನ್ ಇಳಿಸಿ.

ಪ್ರಶ್ನೆ: ಎಐ ಬಂದಿದೆ, ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್ ಇದೆ. ಇನ್ನೂ ಪಿಐಡಿ ಕಲಿಸುತ್ತ ಕೂರಬೇಕಾ?
— ಎಂ.ಟೆಕ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಹೌದು. ಪ್ರೆಡಿಕ್ಟಿವ್ ಕಂಟ್ರೋಲ್, ಅಂದರೆ ಮುಂದೇನಾಗುತ್ತದೆ ಅಂತ ಮಾಡೆಲ್‌ನಿಂದ ಲೆಕ್ಕ ಹಾಕಿ ನಡೆಸುವುದು, ಹೊಸದೇನೂ ಅಲ್ಲ, 1970ರ ದಶಕದಲ್ಲೇ ತೈಲ ಉದ್ಯಮದಲ್ಲಿ ಶುರುವಾಗಿತ್ತು. ರಿಫೈನರಿಯಲ್ಲಿ ಅದು ಸಾಮಾನ್ಯವಾಗಿ ಮೇಲಿನ ಮಟ್ಟದಲ್ಲಿ ಕೂತು ಕೆಳಗಿನ ಪಿಐಡಿ ಲೂಪ್‌ಗಳಿಗೆ ಸೆಟ್‌ಪಾಯಿಂಟ್ (ತಲುಪಬೇಕಾದ ಗುರಿ) ಕೊಡುತ್ತದೆ. ವಾಲ್ವ್ ಅಲುಗಿಸುವುದು ಆ ಪಿಐಡಿಯೇ. ಕೆಳಗಿನ ಲೂಪ್ ತೂಗಾಡುತ್ತಿದ್ದರೆ ಮೇಲಿನ ಬುದ್ಧಿ ಏನೂ ಮಾಡಲಾಗುವುದಿಲ್ಲ.

ಪ್ರಶ್ನೆ: ನಾನು ಪ್ರೊಸೆಸ್ ಪ್ಲಾಂಟ್ ಒಂದರಲ್ಲಿ 15 ವರ್ಷದಿಂದ ಇದ್ದೇನೆ. ಹೊಸದಾಗಿ ಬರುವ ಹುಡುಗ ಹುಡುಗಿಯರು ರೂಟ್ ಲೋಕಸ್ ಎಳೆಯುತ್ತಾರೆ, ಆದರೆ ಗಾಳಿ ಹೋದರೆ ಈ ವಾಲ್ವ್ ಮುಚ್ಚಬೇಕೋ ತೆರೆಯಬೇಕೋ ಅಂದರೆ ಗೊತ್ತಿಲ್ಲ. ಟ್ರೆಂಡ್ ನೋಡಿ ಏನೂ ಹೇಳಲಾರರು. ಕಾಲೇಜಿನಲ್ಲಿ ಇದನ್ನು ಹೇಳಿಕೊಡುವುದಿಲ್ಲವೇ?
— ಪ್ಲಾಂಟ್ ಇಂಜಿನಿಯರ್, ಮಂಗಳೂರು

ಉತ್ತರ: ಎಲ್ಲ ಕಡೆ ಹೇಳಿಕೊಡುವುದಿಲ್ಲ, ಅದು ನಿಜ. ಹೇಳಿಕೊಡಲೇಬೇಕು. ರಿಯಾಕ್ಟರಿಗೆ ಸ್ಟೀಮ್ ಕೊಡುವ ವಾಲ್ವ್, ಗಾಳಿ ಹೋದರೆ ಮುಚ್ಚಬೇಕು. ಬಿಸಿ ಹುಟ್ಟಿಸುವ ರಿಯಾಕ್ಷನ್ನಿನ ಜಾಕೆಟ್ಟಿಗೆ ತಣ್ಣೀರು ಕೊಡುವ ವಾಲ್ವ್, ಗಾಳಿ ಹೋದರೆ ತೆರೆಯಬೇಕು. ಇದಕ್ಕೆ ಸೂತ್ರ ಬೇಡ, ಪ್ರೊಸೆಸ್ ಗೊತ್ತಿದ್ದರೆ ಸಾಕು.

ಟ್ರೆಂಡ್, ಅಂದರೆ ಸಮಯದ ಜೊತೆ ಅಳತೆ ಬದಲಾಗುವ ಗ್ರಾಫ್, ಅದರ ವಿಷಯಕ್ಕೆ ಬಂದರೆ, ನಾನು ಮೊದಲು ಕೆಲಸ ಮಾಡಿದ ಒಂದು ಫ್ಯಾಕ್ಟರಿಯಲ್ಲಿ ಒಂದು ಫ್ಲೋ ಲೂಪ್ ತಿಂಗಳುಗಟ್ಟಲೆ ತೂಗಾಡುತ್ತಿತ್ತು. ಗೇನ್ ಇಳಿಸಿದೆವು, ಇಂಟೆಗ್ರಲ್ ಟೈಮ್ ಜಾಸ್ತಿ ಮಾಡಿದೆವು. ತೂಗಾಟ ನಿಧಾನವಾಯಿತು, ನಿಲ್ಲಲಿಲ್ಲ. ಕೊನೆಗೆ ಒಬ್ಬ ಹಿರಿಯ ಆಪರೇಟರ್ ಬಂದು ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿದರು. ತೂಗಾಟ ನಿಂತಿತು. ಹಾಗಾದರೆ ಅದು ಹೊರಗಿನಿಂದ ಬರುತ್ತಿಲ್ಲ, ಈ ಲೂಪಿನೊಳಗೇ ಹುಟ್ಟುತ್ತಿದೆ. ಆಮೇಲೆ ಅವರು ವಾಲ್ವಿಗೆ ಅರ್ಧರ್ಧ ಶೇಕಡಾ ಸಿಗ್ನಲ್ ಏರಿಸುತ್ತ ಹೋದರು. ಫ್ಲೋ ಹಂದಾಡಲಿಲ್ಲ, ಆಮೇಲೆ ಒಮ್ಮೆಲೇ ಹಾರಿತು. ವಾಲ್ವಿನ ಸ್ಟೆಮ್ ಪ್ಯಾಕಿಂಗ್‌ನಲ್ಲಿ ಅಂಟಿಕೊಳ್ಳುತ್ತಿತ್ತು. ಹತ್ತು ನಿಮಿಷದ ಆ ಪರೀಕ್ಷೆಯನ್ನು ನನ್ನ ಪ್ರತಿ ಬ್ಯಾಚಿಗೂ ಕಲಿಸುತ್ತೇನೆ.

ಇನ್ನೊಂದು ಪಾಠವನ್ನೂ ಪ್ರತಿ ವರ್ಷ ತಪ್ಪದೆ ಮಾಡುತ್ತೇನೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ಸ್ಫೋಟವಾಗಿ 15 ಜನ ಸತ್ತರು, ಸುಮಾರು 180 ಜನರಿಗೆ ಗಾಯವಾಯಿತು. ಒಂದು ಡಿಸ್ಟಿಲೇಶನ್ ಟವರನ್ನು ಶುರು ಮಾಡುತ್ತಿದ್ದರು. ಫೀಡ್ ಗಂಟೆಗಟ್ಟಲೆ ಒಳಗೆ ಹೋಗುತ್ತಿತ್ತು, ತಳದಿಂದ ಹೊರಬಿಡುವ ಲೆವೆಲ್ ವಾಲ್ವ್ ಮುಚ್ಚಿತ್ತು. ಲೆವೆಲ್ ಟ್ರಾನ್ಸ್‌ಮಿಟರ್ ಅಳೆಯುತ್ತಿದ್ದದ್ದು ಸುಮಾರು 50 ಮೀಟರ್ ಎತ್ತರದ ಟವರಿನ ತಳದ ಸ್ವಲ್ಪ ಭಾಗವನ್ನು ಮಾತ್ರ. ದ್ರವ ಅದನ್ನು ದಾಟಿ ಮೇಲೇರಿತ್ತು. ದ್ರವ ಬಿಸಿಯಾಗಿ ಹಗುರವಾದಂತೆ ಆ ಟ್ರಾನ್ಸ್‌ಮಿಟರ್ ಲೆವೆಲ್ ಇಳಿಯುತ್ತಿದೆ ಅಂತ ತೋರಿಸಿತು. ಹೆಚ್ಚುವರಿಯಾಗಿ ಇಟ್ಟಿದ್ದ ಎರಡನೇ ಹೈ ಲೆವೆಲ್ ಅಲಾರಂ ಕೂಗಲೇ ಇಲ್ಲ. ಕೊನೆಗೆ ಟವರ್ ತುಂಬಿ ಉಕ್ಕಿತು.

ನಾನು ಆ ಟ್ರೆಂಡನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಾಗುತ್ತೇನೆ. ಫೀಡ್ ಹೋಗುತ್ತಿದೆ, ಹೊರಗೆ ಏನೂ ಬರುತ್ತಿಲ್ಲ, ಲೆವೆಲ್ ಇಳಿಯುತ್ತಿದೆ. ಸ್ವಲ್ಪ ಹೊತ್ತಿಗೆ ಯಾರಾದರೂ ಕೇಳುತ್ತಾರೆ: "ಸರ್, ಒಳಗೆ ಹೋಗಿದ್ದು ಎಲ್ಲಿಗೆ ಹೋಯ್ತು?" ಎರಡನೇ ವರ್ಷದಲ್ಲೇ ಕಲಿತ ಮಾಸ್ ಬ್ಯಾಲೆನ್ಸ್ ಅದು. ಆ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಬೇಕು. ನಾನು ಕಾಯುತ್ತೇನೆ.

ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಪ್ಲಾಂಟಿನ ಅನುಮತಿ ಸಿಕ್ಕರೆ, ಹಳೆಯ ಟ್ರೆಂಡ್‌ಗಳನ್ನು ಟ್ಯಾಗ್ ನಂಬರ್, ಪ್ಲಾಂಟಿನ ಹೆಸರು ತೆಗೆದು ಹತ್ತಿರದ ಕಾಲೇಜಿಗೆ ಕೊಡಿ. ಅಂಟಿದ ವಾಲ್ವಿನದ್ದು ಒಂದು, ಕೆಟ್ಟ ಸೆನ್ಸರಿನದ್ದು ಒಂದು, ಚೆನ್ನಾಗಿ ನಡೆಯುತ್ತಿರುವ ಲೂಪಿನದ್ದೂ ಒಂದು. ವರ್ಷಕ್ಕೆ ಒಂದು ಮಧ್ಯಾಹ್ನ ನೀವೇ ಹೋಗಿ ಕೂತರೆ ಇನ್ನೂ ಒಳ್ಳೆಯದು. ಮಕ್ಕಳು ಏನು ಕೇಳಿದರು ಅಂತ ನನಗೂ ಬರೆಯಿರಿ.